ಒಬ್ಬರೇ ವೇದಿಕೆಯಲ್ಲಿ ಹಾಡಿ ನುಡಿಸಲು ಕೈಗೆಟುಕುವ ಅಕೌಸ್ಟಿಕ್ ಗಿಟಾರ್: ಪದೇ ಪದೇ ಕೇಳುವ ಪ್ರಶ್ನೆಗಳು

ಕೆಫೆಗಳ ಓಪನ್ ಮೈಕ್ ಸಂಜೆಗಳಲ್ಲಿ, ಕಾಲೇಜಿನ ಸಮಾರಂಭಗಳಲ್ಲಿ, ಆರತಕ್ಷತೆಗಳಲ್ಲಿ ಗಿಟಾರ್ ಹಿಡಿದು ಒಬ್ಬರೇ ಹಾಡುವವರನ್ನು ಈಗ ನಮ್ಮ ಊರುಗಳಲ್ಲಿ ಸಾಕಷ್ಟು ಕಾಣುತ್ತೇವೆ. ಭಾವಗೀತೆಯಾಗಲಿ, ಜನಪದ ಗೀತೆಯಾಗಲಿ, ಸ್ವಂತ ರಚನೆಯಾಗಲಿ, ತಬಲಾ ಮತ್ತು ಕೀಬೋರ್ಡಿನ ಬೆಂಬಲವಿಲ್ಲದೆ ಹಾಡುವವರಿಗೆ ಶ್ರುತಿ, ಲಯ, ಕಾರ್ಡ್ ಮೂರನ್ನೂ ಆ ಒಂದೇ ವಾದ್ಯ ಹೊರಬೇಕಾಗುತ್ತದೆ. ಅಂಥವರು ಗಿಟಾರ್ ಕೊಳ್ಳುವ ಮುನ್ನ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ. ಕೈಗೆಟುಕುವ ಬೆಲೆ ಎಂದರೆ ಸುಮಾರು 10,000ದಿಂದ 30,000 ರೂಪಾಯಿ ಎಂದು ಇಟ್ಟುಕೊಳ್ಳಲಾಗಿದೆ.

ಇಷ್ಟು ಹಣಕ್ಕೆ ಸಿಗುವ ಗಿಟಾರ್ ವೇದಿಕೆಗೆ ತಕ್ಕದ್ದಾಗಿರುತ್ತದೆಯೇ?

ಖಂಡಿತ ಆಗಿರುತ್ತದೆ, ಆದರೆ ಆರಿಸುವ ಕ್ರಮ ಬದಲಾಗಬೇಕು. ಮನೆಯಲ್ಲಿ ನುಡಿಸುವಾಗ ಕಿವಿಗೆ ಬೀಳುವುದು ಮರದ ಪೆಟ್ಟಿಗೆಯಿಂದ ನೇರವಾಗಿ ಬರುವ ನಾದ. ವೇದಿಕೆಯ ಮೇಲೆ ನುಡಿಸಿದಾಗ ಅದೇ ನಾದ ಪಿಕಪ್ (ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಸಾಧನ), ಪ್ರಿಆಂಪ್ (ಆ ಸಂಕೇತವನ್ನು ಬಲಪಡಿಸುವ ಸಣ್ಣ ಘಟಕ), ಕೇಬಲ್, ಮಿಕ್ಸರ್ ಮತ್ತು ಸ್ಪೀಕರ್‌ಗಳನ್ನು ದಾಟಿ ಕೇಳುಗರನ್ನು ತಲುಪುತ್ತದೆ. ಈ ಸರಣಿಯಲ್ಲಿ ಎಲ್ಲಿ ದೋಷವಿದ್ದರೂ ಒಳ್ಳೆಯ ಮರದ ಗುಣ ಅಲ್ಲಿಯೇ ಕಳೆದುಹೋಗುತ್ತದೆ. ಆದ್ದರಿಂದ ಸೀಮಿತ ಹಣವಿರುವವರು ಮರಕ್ಕಿಂತ ಮೊದಲು ಪಿಕಪ್‌ನ ಸಮತೋಲನ, ಕೈಗೆ ಹೊಂದುವ ನೆಕ್ (ಬೆರಳಿಡುವ ಉದ್ದನೆಯ ಕತ್ತು), ಸರಿಯಾದ ಸೆಟಪ್ (ತಂತಿಗಳ ಎತ್ತರ ಮುಂತಾದವುಗಳ ಹೊಂದಾಣಿಕೆ) ಮತ್ತು ಫೀಡ್‌ಬ್ಯಾಕ್ (ಸ್ಪೀಕರಿನ ಸದ್ದು ಮರಳಿ ಗಿಟಾರಿಗೆ ತಾಗಿ ಏಳುವ ಗುಂಯ್ ಸದ್ದು) ತಡೆಯುವ ಶಕ್ತಿ ಈ ನಾಲ್ಕನ್ನು ನೋಡಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಅಂಗಡಿಯ ಮೂಲೆಯಲ್ಲಿ ಕುಳಿತು ನುಡಿಸಿದಾಗ ಸಾಧಾರಣವೆನಿಸಿದ ಗಿಟಾರ್, ಸ್ಪೀಕರ್‌ಗೆ ಜೋಡಿಸಿದಾಗ ಅದರ ಎರಡು ಪಟ್ಟು ಬೆಲೆಯದಕ್ಕಿಂತ ಸ್ಪಷ್ಟವಾಗಿ ಕೇಳಿಸುವುದು ಅಪರೂಪವೇನಲ್ಲ.

ನನ್ನ ಹತ್ತಿರ ಇರುವ ಹಣವನ್ನೆಲ್ಲ ಗಿಟಾರಿಗೇ ಹಾಕಬಹುದೇ?

ಹಾಕಬಾರದು. ಒಟ್ಟು ಹಣದ ಕಾಲು ಭಾಗದಷ್ಟನ್ನು ಸೆಟಪ್, ಒಳ್ಳೆಯ ಕೇಬಲ್, ಒಂದು ಜೊತೆ ಹೆಚ್ಚುವರಿ ತಂತಿ, ಕಾಪೋ (ಶ್ರುತಿ ಏರಿಸಲು ತಂತಿಗಳನ್ನು ಅದುಮಿ ಹಿಡಿಯುವ ಕ್ಲಿಪ್), ಕ್ಲಿಪ್ ಟ್ಯೂನರ್, ಬೆಲ್ಟ್, ದಪ್ಪನೆಯ ಚೀಲ ಮತ್ತು ಸಾಧ್ಯವಾದರೆ ಗಿಟಾರನ್ನು ಮಿಕ್ಸರ್‌ಗೆ ಜೋಡಿಸುವ ಒಂದು ಡಿಐ ಬಾಕ್ಸ್‌ಗಾಗಿ ಎತ್ತಿಡಬೇಕು. 20,000 ರೂಪಾಯಿ ಇದ್ದವರು 15,000ದ ಗಿಟಾರ್ ಕೊಂಡು ಉಳಿದದ್ದನ್ನು ಇವುಗಳಿಗೆ ಬಳಸಿದರೆ, ಪೂರ್ತಿ 20,000ದ ಗಿಟಾರ್ ಕೊಂಡು ಕಳಪೆ ಕೇಬಲ್ ಚುಚ್ಚಿ ನುಡಿಸುವವರಿಗಿಂತ ವೇದಿಕೆಯ ಮೇಲೆ ನೆಮ್ಮದಿಯಾಗಿರುತ್ತಾರೆ.

ಪಿಕಪ್ ಇಲ್ಲದ ಗಿಟಾರಿನ ಮುಂದೆ ಮೈಕ್ ಇಟ್ಟರೆ ಸಾಲದೇ?

ಶಾಂತವಾದ ಸಭಾಂಗಣದಲ್ಲಿ, ನುರಿತ ಸೌಂಡ್ ಎಂಜಿನಿಯರ್ ಇದ್ದಾಗ, ಮೈಕ್ ಕೊಡುವಷ್ಟು ಸಹಜವಾದ ದನಿಯನ್ನು ಯಾವ ಪಿಕಪ್ ಕೂಡ ಕೊಡುವುದಿಲ್ಲ. ಆದರೆ ನಮ್ಮಲ್ಲಿ ಒಬ್ಬರೇ ಹಾಡುವವರಿಗೆ ಸಿಗುವ ಜಾಗಗಳು ಬಹುಮಟ್ಟಿಗೆ ಹಾಗಿರುವುದಿಲ್ಲ. ಸ್ಪೀಕರ್ ಹಾಡುವವರ ಪಕ್ಕದಲ್ಲೇ ಇರುತ್ತದೆ, ತಲೆಯ ಮೇಲೆ ಫ್ಯಾನ್ ತಿರುಗುತ್ತಿರುತ್ತದೆ, ಕಾಫಿ ಯಂತ್ರ ಸದ್ದು ಮಾಡುತ್ತಿರುತ್ತದೆ. ಗಿಟಾರಿನ ಮುಂದಿನ ಮೈಕ್ ಇವೆಲ್ಲವನ್ನೂ ಹಾಡುವವರ ಧ್ವನಿಯನ್ನೂ ಒಟ್ಟಿಗೆ ಹೀರಿಕೊಳ್ಳುತ್ತದೆ. ಹಾಡುವ ಭರದಲ್ಲಿ ಮೈಯನ್ನು ಸ್ವಲ್ಪ ತಿರುಗಿಸಿದರೂ ಗಿಟಾರಿನ ದನಿ ಇದ್ದಕ್ಕಿದ್ದಂತೆ ಕುಗ್ಗಿಬಿಡುತ್ತದೆ. ಒಬ್ಬರೇ ಕಾರ್ಯಕ್ರಮ ಕೊಡುವವರಿಗೆ ಪಿಕಪ್ ಬೇಕೇ ಬೇಕು.

ಪಿಕಪ್‌ಗಳಲ್ಲಿ ಎಷ್ಟು ಬಗೆ? ನನಗೆ ಯಾವುದು ಹೊಂದುತ್ತದೆ?

ಈ ಬೆಲೆಯ ಬಹುತೇಕ ಎಲೆಕ್ಟ್ರೋ ಅಕೌಸ್ಟಿಕ್ (ಪಿಕಪ್ ಇರುವ ಅಕೌಸ್ಟಿಕ್) ಗಿಟಾರ್‌ಗಳಲ್ಲಿ ಇರುವುದು ಸ್ಯಾಡಲ್ ಕೆಳಗೆ ಕೂರುವ ಪಿಯೆಜೊ ಪಿಕಪ್. ತಂತಿಗಳನ್ನು ಪೆಟ್ಟಿಗೆಗೆ ಸಿಕ್ಕಿಸುವ ಮರದ ತುಂಡು ಬ್ರಿಡ್ಜ್, ಅದರ ಮೇಲಿನ ಬಿಳಿಯ ಪಟ್ಟಿಯೇ ಸ್ಯಾಡಲ್. ತಂತಿಗಳ ಒತ್ತಡ ಸ್ಯಾಡಲ್ ಮೂಲಕ ಕೆಳಗಿನ ಪಿಯೆಜೊ ಪಟ್ಟಿಗೆ ತಗುಲಿ, ಕಂಪನಕ್ಕೆ ತಕ್ಕಂತೆ ವಿದ್ಯುತ್ ಸಂಕೇತ ಹುಟ್ಟುತ್ತದೆ. ಹೆಲಿಕಾಪ್ಟರ್ ಉದ್ಯಮಿ ಚಾರ್ಲ್ಸ್ ಕಾಮನ್ ಅವರು ಅಮೆರಿಕದಲ್ಲಿ 1966ರಲ್ಲಿ ಹುಟ್ಟುಹಾಕಿದ ಓವೇಷನ್ ಗಿಟಾರ್‌ಗಳು ಈ ಬಗೆಯ ಪಿಕಪ್ಪನ್ನು ವೇದಿಕೆಯ ಗಾಯಕರ ನಡುವೆ ಬಳಕೆಗೆ ತಂದವುಗಳಲ್ಲಿ ಮುಖ್ಯವಾದವು. ಫೀಡ್‌ಬ್ಯಾಕ್ ಸುಲಭವಾಗಿ ಬಾರದಿರುವುದು ಇದರ ದೊಡ್ಡ ಗುಣ. ಜೋರಾಗಿ ಸ್ಟ್ರಮ್ ಮಾಡಿದಾಗ (ತಂತಿಗಳನ್ನೆಲ್ಲ ಒಟ್ಟಿಗೆ ಮೀಟಿದಾಗ) ದನಿ ಒಣಗಿದಂತೆ ಕಟುವಾಗುವುದು ಇದರ ದೋಷ. ಮಿಕ್ಸರ್‌ನಲ್ಲಿ 1,500ರಿಂದ 3,000 ಹರ್ಟ್ಸ್ ಆಸುಪಾಸಿನ ಭಾಗವನ್ನು ಸ್ವಲ್ಪ ತಗ್ಗಿಸಿದರೆ ಆ ಕಟುತನ ಬಹಳಷ್ಟು ಇಳಿಯುತ್ತದೆ.

ಎರಡನೆಯದು ಪೆಟ್ಟಿಗೆಯ ಮುಂಭಾಗದ ತೂತಾದ ಸೌಂಡ್‌ಹೋಲ್‌ಗೆ ಅಡ್ಡಲಾಗಿ ಸಿಕ್ಕಿಸುವ ಮ್ಯಾಗ್ನೆಟಿಕ್ ಪಿಕಪ್. ಇದರ ದನಿ ಎಲೆಕ್ಟ್ರಿಕ್ ಗಿಟಾರಿನ ಕಡೆಗೆ ಸ್ವಲ್ಪ ವಾಲುತ್ತದೆ, ಆದರೆ ದುಂಡಗಿರುತ್ತದೆ ಮತ್ತು ದೊಡ್ಡ ಸದ್ದಿನಲ್ಲೂ ಸ್ಥಿರವಾಗಿರುತ್ತದೆ. ಮೂರನೆಯದು ಬ್ರಿಡ್ಜಿನ ನೇರ ಕೆಳಗೆ, ಪೆಟ್ಟಿಗೆಯ ಒಳಮೈಗೆ ಅಂಟಿಸುವ ಸಣ್ಣ ಬಿಲ್ಲೆಗಳು. ಇವುಗಳ ದನಿ ಮೂರರಲ್ಲಿ ಹೆಚ್ಚು ಸಹಜವಾದದ್ದು, ಫೀಡ್‌ಬ್ಯಾಕ್‌ಗೆ ಹೆಚ್ಚು ಒಳಗಾಗುವುದೂ ಇದೇ. ಬೆರಳುಗಳಿಂದ ಮೆಲ್ಲಗೆ ನುಡಿಸುವವರು, ಸಣ್ಣ ಕೊಠಡಿಗಳಲ್ಲಿ ಹಾಡುವವರು ಇದನ್ನು ಮೆಚ್ಚುತ್ತಾರೆ. ಗದ್ದಲದ ನಡುವೆ ಸ್ಟ್ರಮ್ ಮಾಡುತ್ತಾ ಹಾಡುವವರಿಗೆ ಮೊದಲೆರಡರಲ್ಲಿ ಒಂದು ಸುರಕ್ಷಿತ.

ಸಾಲಿಡ್ ಟಾಪ್ ಇರುವುದನ್ನೇ ಕೊಳ್ಳಬೇಕು ಎನ್ನುತ್ತಾರೆ. ನಿಜವೇ?

ಗಿಟಾರಿನ ಮುಂಭಾಗದ ಹಲಗೆ ಒಂದೇ ಪದರದ ಮರವಾಗಿದ್ದರೆ ಅದು ಸಾಲಿಡ್ ಟಾಪ್. ತೆಳು ಪದರಗಳನ್ನು ಅಂಟಿಸಿ ಮಾಡಿದ್ದರೆ ಲ್ಯಾಮಿನೇಟ್. ಸಾಲಿಡ್ ಸ್ಪ್ರೂಸ್ ಮರದ ಹಲಗೆ ಹೆಚ್ಚು ಸ್ವತಂತ್ರವಾಗಿ ಕಂಪಿಸುತ್ತದೆ, ಆದ್ದರಿಂದ ಮೈಕ್ ಇಲ್ಲದೆ ನುಡಿಸುವಾಗ ನಾದ ತುಂಬಿಕೊಂಡಿರುತ್ತದೆ. ಮನೆಯ ಅಭ್ಯಾಸಕ್ಕೆ ಮತ್ತು ರೆಕಾರ್ಡಿಂಗ್‌ಗೆ ಅದನ್ನು ಕೊಳ್ಳಿರೆಂಬ ಸಲಹೆಯಲ್ಲಿ ತಪ್ಪಿಲ್ಲ.

ಆದರೆ ಸ್ಪೀಕರಿನಿಂದ ಬಂದ ಸದ್ದಿಗೂ ಅದೇ ಹಲಗೆ ಅಷ್ಟೇ ಸ್ವತಂತ್ರವಾಗಿ ಕಂಪಿಸುತ್ತದೆ, ಮತ್ತು ಫೀಡ್‌ಬ್ಯಾಕ್ ಹುಟ್ಟುವುದೇ ಅಲ್ಲಿಂದ. ಲ್ಯಾಮಿನೇಟ್ ಹಲಗೆ ಬಿಗಿಯಾಗಿರುವುದರಿಂದ ವೇದಿಕೆಯಲ್ಲಿ ಹಟ ಮಾಡುವುದು ಕಡಿಮೆ. ಮಳೆಗಾಲದ ತೇವಕ್ಕೂ ಬೇಸಗೆಯ ಒಣಹವೆಗೂ ಅದು ಅಷ್ಟಾಗಿ ಸೊರಗುವುದಿಲ್ಲ. ಸ್ಯಾಡಲ್ ಕೆಳಗಿನ ಪಿಕಪ್ ಮೂಲಕ ಕೇಳಿದಾಗ ಎರಡರ ನಡುವಿನ ಅಂತರ ಬಹಳ ಕಿರಿದಾಗುತ್ತದೆ ಎಂಬುದನ್ನೂ ನೆನಪಿಡಬೇಕು. ಒಂದೇ ಗಿಟಾರ್ ಮನೆಗೂ ವೇದಿಕೆಗೂ ಆಗಬೇಕಾದರೆ, ಬೆಲೆ ಹೊಂದಿದರೆ, ಸಾಲಿಡ್ ಟಾಪ್ ಕೊಳ್ಳಿ. ವೇದಿಕೆಗಾಗಿಯೇ ಕೊಳ್ಳುತ್ತಿದ್ದರೆ, ಸಾಲಿಡ್ ಟಾಪ್ ಎಂಬ ಒಂದೇ ಕಾರಣಕ್ಕೆ ದುರ್ಬಲ ಪಿಕಪ್ಪನ್ನು ಒಪ್ಪಿಕೊಳ್ಳಬೇಡಿ.

ಬೀಟೆ ಮರದ ಗಿಟಾರ್ ಒಳ್ಳೆಯದಂತೆ. ಅದನ್ನು ಹುಡುಕಬೇಕೇ?

ನಮ್ಮ ಪಶ್ಚಿಮ ಘಟ್ಟದಲ್ಲಿ ಬೆಳೆಯುವ ಬೀಟೆಯನ್ನು ಜಗತ್ತಿನ ಗಿಟಾರ್ ತಯಾರಕರು ಇಂಡಿಯನ್ ರೋಸ್‌ವುಡ್ ಎಂದು ಗೌರವದಿಂದ ಬಳಸುತ್ತಾರೆ. ಬ್ರೆಜಿಲ್‌ನ ರೋಸ್‌ವುಡ್ ಸಿಗುವುದು ಕಷ್ಟವಾದಾಗ ಅಮೆರಿಕದ ಮಾರ್ಟಿನ್ ಸಂಸ್ಥೆಯು 1969ರಲ್ಲಿ ಬೀಟೆಯ ಕಡೆಗೆ ತಿರುಗಿತು. 2017ರ ಜನವರಿಯಲ್ಲಿ ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದದಡಿ ರೋಸ್‌ವುಡ್ ಸಾಗಣೆಗೆ ಪರವಾನಗಿ ಕಡ್ಡಾಯವಾಯಿತು, ಮತ್ತು 2019ರ ನವೆಂಬರ್‌ನಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ದೊರೆಯಿತು. ಇದೆಲ್ಲ ನಮಗೆ ಹೆಮ್ಮೆಯ ವಿಷಯವಾದರೂ, ಈ ಬೆಲೆಯಲ್ಲಿ ಹಿಂಬದಿ ಮತ್ತು ಪಕ್ಕಗಳು ಸಾಮಾನ್ಯವಾಗಿ ಲ್ಯಾಮಿನೇಟ್ ಆಗಿರುತ್ತವೆ. ಅವು ಬೀಟೆಯೋ ಮಹಾಗನಿಯೋ ಎಂಬುದರಿಂದ ವೇದಿಕೆಯ ದನಿಯಲ್ಲಿ ಲೆಕ್ಕಕ್ಕೆ ಬರುವಂಥ ವ್ಯತ್ಯಾಸ ಆಗುವುದಿಲ್ಲ.

ಯಾವ ಆಕಾರದ ಬಾಡಿ ಆರಿಸಿಕೊಳ್ಳಲಿ?

ಅಂಗಡಿಗಳಲ್ಲಿ ಹೆಚ್ಚಾಗಿ ಕಾಣುವ ಅಗಲ ಸೊಂಟದ ದೊಡ್ಡ ಗಿಟಾರ್ ಡ್ರೆಡ್‌ನಾಟ್. ಅದರಲ್ಲಿ ಮಂದ್ರ ದನಿ ಧಾರಾಳವಾಗಿರುತ್ತದೆ. ಆದರೆ ಒಬ್ಬರೇ ಹಾಡುವಾಗ ಆ ಮಂದ್ರವೇ ಗಂಡಸರ ಧ್ವನಿಯ ಕೆಳಭಾಗವನ್ನು ಮುಚ್ಚುವುದುಂಟು, ಮತ್ತು ಸ್ಪೀಕರ್ ಹತ್ತಿರವಿದ್ದಾಗ ಮೊದಲು ಗುಂಯ್‌ಗುಡುವುದೂ ಅದೇ. ಸೊಂಟ ಕಿರಿದಾದ ಕಾನ್ಸರ್ಟ್ ಅಥವಾ ಆಡಿಟೋರಿಯಂ ಆಕಾರದವು, ದಪ್ಪ ಕಡಿಮೆಯಿರುವ ತೆಳು ಬಾಡಿಯವು ವೇದಿಕೆಗೆ ಹೆಚ್ಚು ಅನುಕೂಲ. ಅವುಗಳ ದನಿ ಧ್ವನಿಗೆ ಜಾಗ ಬಿಡುತ್ತದೆ, ಒಂದು ಗಂಟೆ ನಿಂತು ನುಡಿಸಿದರೂ ಬಲಭುಜ ನೋಯುವುದಿಲ್ಲ. ಕೊಳ್ಳುವ ಮುನ್ನ ಬೆಲ್ಟ್ ಹಾಕಿಕೊಂಡು ನಿಂತೇ ನುಡಿಸಿ ನೋಡಬೇಕು. ಕುರ್ಚಿಯಲ್ಲಿ ಹಿತವಾಗಿದ್ದದ್ದು ನಿಂತಾಗ ಹಾಗಿರುತ್ತದೆಂಬ ಖಾತರಿಯಿಲ್ಲ.

ನಿರ್ದಿಷ್ಟವಾಗಿ ಯಾವ ಮಾದರಿಗಳನ್ನು ನೋಡಬೇಕು?

ಯಮಹಾದ ಎಪಿಎಕ್ಸ್ ಸಾಲು 1987ರಲ್ಲಿ ವೇದಿಕೆಯನ್ನೇ ಮನಸ್ಸಿನಲ್ಲಿಟ್ಟುಕೊಂಡು ಬಂದದ್ದು. ಅದರ ಎಪಿಎಕ್ಸ್ 600ರಲ್ಲಿ ತೆಳು ಬಾಡಿ ಇದೆ, ತಂತಿಯ ಉದ್ದ 634 ಮಿಲಿಮೀಟರ್. ಅದೇ ಸಂಸ್ಥೆಯ ಎಫ್‌ಜಿ ಸಾಲಿನ 650 ಮಿಲಿಮೀಟರ್‌ಗಿಂತ ಇದು ಕಡಿಮೆಯಾದ್ದರಿಂದ ಚಿಕ್ಕ ಕೈಯವರಿಗೂ ಬಾರ್ ಕಾರ್ಡ್ (ಒಂದೇ ಬೆರಳನ್ನು ಹಲವು ತಂತಿಗಳ ಮೇಲೆ ಅಡ್ಡಲಾಗಿ ಒತ್ತುವ ಕಾರ್ಡ್) ಹಿಡಿಯುವುದು ಹಗುರ. ಮೈಕ್ ಇಲ್ಲದೆ ನುಡಿಸಿದಾಗ ಇದರ ದನಿ ಸಣ್ಣದೆನಿಸುವುದು ನಿಜ, ಆದರೂ ನಮ್ಮ ಅಗತ್ಯಕ್ಕೆ ಇದನ್ನು ನಾನು ಮೊದಲು ಸೂಚಿಸುತ್ತೇನೆ. ಮನೆಯಲ್ಲೂ ತುಂಬು ದನಿ ಬೇಕೆನ್ನುವವರು ಸಾಲಿಡ್ ಟಾಪ್ ಇರುವ ಯಮಹಾ ಎಫ್‌ಜಿಎಕ್ಸ್ 800ಸಿ, ಅದರ ಚಿಕ್ಕ ಬಾಡಿಯ ಎಫ್‌ಎಸ್‌ಎಕ್ಸ್ 800ಸಿ ಅಥವಾ ಫೆಂಡರ್ ಸಿಡಿ 60ಎಸ್‌ಸಿಇ ನೋಡಬಹುದು. ಹಣ ಇನ್ನೂ ಕಡಿಮೆಯಿದ್ದರೆ ಕಾರ್ಟ್ ಎಡಿ 810ಇ ಒಂದು ಒಳ್ಳೆಯ ಆರಂಭ. ಬೆಲೆಗಳು ಆಗಾಗ ಏರಿಳಿಯುತ್ತವೆ, ಕೊಳ್ಳುವ ವಾರವೇ ವಿಚಾರಿಸಿಕೊಳ್ಳಿ.

ಹೆಸರಿನ ಕೊನೆಯ ಅಕ್ಷರಗಳನ್ನು ಓದಲು ಕಲಿತರೆ ಅಂಗಡಿಯಲ್ಲಿ ಗೊಂದಲವಾಗದು. ಸಾಮಾನ್ಯವಾಗಿ ಇ ಎಂದರೆ ಪಿಕಪ್ ಇದೆ, ಸಿ ಎಂದರೆ ಮೇಲಿನ ಫ್ರೆಟ್‌ಗಳಿಗೆ (ನೆಕ್ ಮೇಲಿನ ಲೋಹದ ಅಡ್ಡಪಟ್ಟಿಗಳಿಗೆ) ಕೈ ಹೋಗಲು ಬಾಡಿಯಲ್ಲಿ ಕಟ್‌ಅವೇ (ಒಳಕ್ಕೆ ಕತ್ತರಿಸಿದ ಜಾಗ) ಇದೆ, ಫೆಂಡರ್‌ನ ಈ ಸಾಲಿನಲ್ಲಿ ಎಸ್ ಎಂದರೆ ಸಾಲಿಡ್ ಟಾಪ್. ಕಲಿಯುವವರಲ್ಲಿ ಜನಪ್ರಿಯವಾದ ಯಮಹಾ ಎಫ್ 310ರಲ್ಲಿ ಪಿಕಪ್ ಇಲ್ಲ ಎಂಬುದನ್ನು ಗಮನಿಸಿ.

ಅಂಗಡಿಯಲ್ಲಿ ಪರೀಕ್ಷಿಸುವುದು ಹೇಗೆ?

ನಿಮ್ಮ ಸ್ವಂತ ಕೇಬಲ್, ಒಂದು ಕ್ಲಿಪ್ ಟ್ಯೂನರ್ ಮತ್ತು ಅರ್ಧ ಮಿಲಿಮೀಟರ್ ಗುರುತುಗಳಿರುವ ಸ್ಟೀಲ್ ಸ್ಕೇಲ್ ಒಯ್ಯಿರಿ. ಒಂದೇ ಮಾದರಿಯ ಎರಡು ಮೂರು ಗಿಟಾರ್‌ಗಳನ್ನು ತೋರಿಸಲು ಕೇಳಿ, ಏಕೆಂದರೆ ಈ ಬೆಲೆಯಲ್ಲಿ ಒಂದೇ ಮಾದರಿಯ ಹೆಸರಿನಡಿಯಲ್ಲೂ ಒಂದರಿಂದ ಇನ್ನೊಂದಕ್ಕೆ ವ್ಯತ್ಯಾಸವಿರುತ್ತದೆ.

ಮೊದಲು ಕೇಬಲ್ ಇಲ್ಲದೆ ನೋಡಿ. ಪ್ರತಿಯೊಂದು ತಂತಿಯನ್ನೂ ಪ್ರತಿಯೊಂದು ಫ್ರೆಟ್‌ನಲ್ಲಿ ಒತ್ತಿ, ಒಂದೊಂದೇ ಸ್ವರವನ್ನು ಕೇಳಿ. ಯಾವುದಾದರೂ ಸ್ವರ ಝುಯ್ ಎಂದು ಸವರಿದರೆ ಅಥವಾ ಹುಟ್ಟಿದ ಕೂಡಲೇ ಸತ್ತರೆ ಆ ಜಾಗದ ಫ್ರೆಟ್ ಏರುಪೇರಾಗಿದೆ. ಆರನೇ ತಂತಿಯನ್ನು (ಎಲ್ಲಕ್ಕಿಂತ ದಪ್ಪನೆಯದು) ಮೊದಲನೇ ಫ್ರೆಟ್ ಮತ್ತು ಹದಿನಾಲ್ಕನೇ ಫ್ರೆಟ್‌ನಲ್ಲಿ ಒಟ್ಟಿಗೆ ಒತ್ತಿ ಹಿಡಿದು ಏಳನೇ ಫ್ರೆಟ್ ಬಳಿ ನೋಡಿದಾಗ, ತಂತಿಗೂ ಫ್ರೆಟ್‌ಗೂ ನಡುವೆ ವಿಸಿಟಿಂಗ್ ಕಾರ್ಡ್ ನುಸುಳುವಷ್ಟೇ ಸಂದಿ ಇರಬೇಕು. ಸಂದಿ ಹೆಚ್ಚಿದ್ದರೆ ನೆಕ್ ಬಾಗಿದೆ. ನೆಕ್ ಒಳಗಿನ ಲೋಹದ ಕಂಬಿಯಾದ ಟ್ರಸ್ ರಾಡ್ ತಿರುಗಿಸಿ ಸರಿಪಡಿಸಬಹುದಾದರೂ ಅಂಗಡಿಯವರೇ ಮಾಡಿ ತೋರಿಸಲಿ. ಹನ್ನೆರಡನೇ ಫ್ರೆಟ್‌ನ ಹಾರ್ಮೋನಿಕ್ (ತಂತಿಯನ್ನು ಒತ್ತದೆ ಬರೀ ಮುಟ್ಟಿ ಮೀಟಿದಾಗ ಬರುವ ಸ್ವರ) ಮತ್ತು ಅದೇ ಫ್ರೆಟ್ ಒತ್ತಿ ನುಡಿಸಿದ ಸ್ವರ ಎರಡೂ ಟ್ಯೂನರ್‌ನಲ್ಲಿ ಒಂದೇ ಆಗಿರಬೇಕು.

ಬಳಿಕ ಆಂಪ್‌ಗೆ ಜೋಡಿಸಿ, ಬಾಸ್, ಟ್ರೆಬಲ್ ಎಲ್ಲ ಗುಬುಟುಗಳನ್ನೂ ಮಧ್ಯಕ್ಕೆ ತನ್ನಿ. ಆರು ತಂತಿಗಳನ್ನು ಒಂದೊಂದಾಗಿ, ಒಂದೇ ಬಲದಲ್ಲಿ, ನಿಧಾನವಾಗಿ ಮೀಟಿ. ಈ ಬೆಲೆಯಲ್ಲಿ ಕೈಕೊಡುವುದು ಹೆಚ್ಚಾಗಿ ಇಲ್ಲಿಯೇ: ಐದು ತಂತಿಗಳು ಸರಿಯಾಗಿ ಕೇಳಿಸಿ, ಎರಡನೇ ತಂತಿಯೋ ಮೊದಲನೆಯದೋ ಕ್ಷೀಣವಾಗಿರುತ್ತದೆ. ಸ್ಯಾಡಲ್‌ನ ತಳ ಸಮತಟ್ಟಾಗಿಲ್ಲದೆ ಪಿಯೆಜೊ ಪಟ್ಟಿಯ ಮೇಲೆ ಒಂದು ಕಡೆ ಒತ್ತಡ ಕಡಿಮೆ ಬೀಳುವುದು ಇದಕ್ಕೆ ಸಾಮಾನ್ಯ ಕಾರಣ. ಮನೆಯಲ್ಲಿ ಕೇಬಲ್ ಇಲ್ಲದೆ ನುಡಿಸುವಾಗ ಈ ದೋಷ ತಿಳಿಯುವುದೇ ಇಲ್ಲ. ವೇದಿಕೆಯಲ್ಲಿ ಹಾಡಿನ ಮೇಲುಸ್ವರದ ಸಾಲು ಬಂದಾಗ ಗಿಟಾರಿನಲ್ಲಿ ಒಂದು ತಂತಿಯೇ ಇಲ್ಲವೇನೋ ಎನಿಸುತ್ತದೆ. ಕೊನೆಗೆ ಕೇಬಲ್ ಚುಚ್ಚಿದ ಜಾಗವನ್ನು ಮೆಲ್ಲಗೆ ಅಲುಗಾಡಿಸಿ, ಗುಬುಟುಗಳನ್ನು ಪೂರ್ತಿ ತಿರುಗಿಸಿ, ಕರಕರ ಸದ್ದು ಬರುತ್ತದೆಯೇ ಎಂದು ಕೇಳಿ. ಅಲುಗಾಡುವ ಜ್ಯಾಕ್ ಇರುವ ಗಿಟಾರನ್ನು ಎಷ್ಟೇ ರಿಯಾಯಿತಿ ಕೊಟ್ಟರೂ ಕೊಳ್ಳಬೇಡಿ.

ಸೆಟಪ್ ಮಾಡಿಸುವುದು ನಿಜವಾಗಿ ಅಗತ್ಯವೇ?

ಅಗತ್ಯ. ಕಾರ್ಖಾನೆಯಿಂದ ಬರುವ ಗಿಟಾರ್‌ಗಳಲ್ಲಿ ತಂತಿಗಳನ್ನು ಬಝ್ (ಝುಯ್ ಸದ್ದು) ಬಾರದಿರಲೆಂದು ಸ್ವಲ್ಪ ಎತ್ತರದಲ್ಲೇ ಬಿಟ್ಟಿರುತ್ತಾರೆ. ಹನ್ನೆರಡನೇ ಫ್ರೆಟ್‌ನಲ್ಲಿ ಫ್ರೆಟ್‌ನ ಮೇಲ್ತುದಿಯಿಂದ ತಂತಿಯ ತಳದವರೆಗೆ ಅಳೆದಾಗ ಆರನೇ ತಂತಿ ಸುಮಾರು 2.5 ಮಿಲಿಮೀಟರ್, ಮೊದಲನೇ ತಂತಿ ಸುಮಾರು 2 ಮಿಲಿಮೀಟರ್ ಇದ್ದರೆ ಬೆರಳಿಗೆ ಹಿತ. ಸ್ಯಾಡಲ್‌ನ ತಳವನ್ನು 1 ಮಿಲಿಮೀಟರ್ ಉಜ್ಜಿದರೆ ಹನ್ನೆರಡನೇ ಫ್ರೆಟ್‌ನಲ್ಲಿ ಅರ್ಧ ಮಿಲಿಮೀಟರ್ ಇಳಿಯುತ್ತದೆ. ಪಿಕಪ್ ಇರುವ ಗಿಟಾರಿನಲ್ಲಿ ಈ ಕೆಲಸವನ್ನು ಸ್ವತಃ ಮಾಡುವುದಕ್ಕಿಂತ ಕಸುಬುದಾರರಿಗೆ ಒಪ್ಪಿಸುವುದು ಲೇಸು, ಏಕೆಂದರೆ ತಳ ಕೂದಲೆಳೆಯಷ್ಟು ಓರೆಯಾದರೂ ಮೇಲೆ ಹೇಳಿದ ತಂತಿಗಳ ಏರುಪೇರು ಶುರುವಾಗುತ್ತದೆ.

ನನ್ನ ಶ್ರುತಿಗೆ ತಕ್ಕಂತೆ ಹಾಡಲು ಗಿಟಾರಿನಲ್ಲಿ ಏನನ್ನು ನೋಡಬೇಕು?

ಸುಗಮ ಸಂಗೀತ ಅಥವಾ ದಾಸರ ಪದ ಹಾಡುವವರು ತಮ್ಮ ಶ್ರುತಿಯನ್ನು ಬಿಟ್ಟುಕೊಡಬಾರದು. ಕಾಪೋ ಇರುವುದೇ ಅದಕ್ಕಾಗಿ. ಒಂದೂವರೆ ಮನೆ ಶ್ರುತಿಯವರು, ಅಂದರೆ ಸಿ ಶಾರ್ಪ್‌ನಲ್ಲಿ ಹಾಡುವವರು, ಮೊದಲನೇ ಫ್ರೆಟ್‌ಗೆ ಕಾಪೋ ಹಾಕಿ ಸಿ ಆಕಾರದ ಕಾರ್ಡ್‌ಗಳನ್ನು ಹಿಡಿಯಬಹುದು, ಅಥವಾ ನಾಲ್ಕನೇ ಫ್ರೆಟ್‌ಗೆ ಹಾಕಿ ಎ ಆಕಾರದವನ್ನು ಹಿಡಿಯಬಹುದು. ಐದೂವರೆ ಮನೆಯವರಿಗೆ, ಅಂದರೆ ಜಿ ಶಾರ್ಪ್‌ಗೆ, ಮೊದಲನೇ ಫ್ರೆಟ್‌ನಲ್ಲಿ ಜಿ ಆಕಾರ ಇಲ್ಲವೇ ನಾಲ್ಕನೇ ಫ್ರೆಟ್‌ನಲ್ಲಿ ಇ ಆಕಾರ ಒಗ್ಗುತ್ತದೆ. ಆದ್ದರಿಂದ ಅಂಗಡಿಯಲ್ಲಿಯೇ ನಿಮ್ಮ ಫ್ರೆಟ್‌ಗೆ ಕಾಪೋ ಹಾಕಿ, ಟ್ಯೂನ್ ಮಾಡಿ, ಒಂದು ಪಲ್ಲವಿಯನ್ನಾದರೂ ಹಾಡಿ ನೋಡಿ. ತಂತಿಗಳು ಎತ್ತರದಲ್ಲಿರುವ ಗಿಟಾರಿನಲ್ಲಿ ಕಾಪೋ ಹಾಕಿದ ಕೂಡಲೇ ಸ್ವರಗಳು ಏರಿಬಿಡುತ್ತವೆ, ಶ್ರುತಿಶುದ್ಧವಾಗಿ ಹಾಡುವವರಿಗೆ ಅದು ಸಹಿಸಲಾಗದ ತೊಂದರೆ.

ಫೀಡ್‌ಬ್ಯಾಕ್ ಬಂದರೆ ಏನು ಮಾಡಬೇಕು?

ಸ್ಪೀಕರಿನ ಸದ್ದು ಗಿಟಾರಿನ ಪೆಟ್ಟಿಗೆಯನ್ನು ಕಂಪಿಸಿ, ಆ ಕಂಪನ ಪಿಕಪ್ ಮೂಲಕ ಮತ್ತೆ ಸ್ಪೀಕರಿಗೇ ಹೋಗಿ ಸುತ್ತುತ್ತಾ ಬೆಳೆಯುವುದೇ ಫೀಡ್‌ಬ್ಯಾಕ್. ಡ್ರೆಡ್‌ನಾಟ್ ಗಿಟಾರಿನ ಪೆಟ್ಟಿಗೆಯೊಳಗಿನ ಗಾಳಿ ಸುಮಾರು 100 ಹರ್ಟ್ಸ್ ಆಸುಪಾಸಿನಲ್ಲಿ ಸುಲಭವಾಗಿ ಅನುರಣಿಸುತ್ತದೆ. ಆರನೇ ತಂತಿಯ ಮೂರನೇ ಫ್ರೆಟ್‌ನ ಸ್ವರ 98 ಹರ್ಟ್ಸ್, ಖಾಲಿ ಐದನೇ ತಂತಿಯದು 110. ಹೀಗಾಗಿ ಜಿ ಅಥವಾ ಎ ಕಾರ್ಡ್ ಹಿಡಿದಾಗಲೇ ಹೆಚ್ಚಾಗಿ ಗುಂಯ್ ಎನ್ನುವ ಸದ್ದು ಏಳುತ್ತದೆ.

ಮೊದಲ ಉಪಾಯ ಜಾಗ ಬದಲಿಸುವುದು: ಸ್ಪೀಕರ್‌ಗಳು ನಿಮ್ಮ ಹಿಂದೆ ಇರದೆ ಮುಂದೆ ಇರಲಿ, ಮಾನಿಟರ್ (ಹಾಡುವವರಿಗೆ ಕೇಳಲೆಂದು ಇಡುವ ಸ್ಪೀಕರ್) ನಿಮ್ಮ ಮುಖಕ್ಕೆ ತಿರುಗಿರಲಿ, ಗಿಟಾರಿನ ಹೊಟ್ಟೆಗೆ ತಿರುಗಿರದಿರಲಿ. ಎರಡನೆಯದು ಸಂಕೇತವನ್ನು ತಿರುವುಮುರುವಾಗಿಸುವ ಪ್ರಿಆಂಪ್‌ನ ಫೇಸ್ ಗುಂಡಿ. ಅದನ್ನು ಒತ್ತಿದಾಗ ಕೆಲವೊಮ್ಮೆ ಸದ್ದು ಒಮ್ಮೆಲೇ ಅಡಗುತ್ತದೆ. ಮೂರನೆಯದು ಗುಂಯ್‌ಗುಡುವ ಒಂದು ಸ್ವರವನ್ನಷ್ಟೇ ತಗ್ಗಿಸುವ ನಾಚ್ ಫಿಲ್ಟರ್: ಸೌಂಡ್ ಚೆಕ್ ಹೊತ್ತಿನಲ್ಲಿ ವಾಲ್ಯೂಮ್ ಸ್ವಲ್ಪ ಏರಿಸಿ, ಗುಂಯ್‌ಗುಡುವಿಕೆ ಮೆಲ್ಲಗೆ ಶುರುವಾದಾಗ ನಾಚ್ ಗುಬುಟನ್ನು ಹೆಬ್ಬೆರಳಿನಿಂದ ನಿಧಾನವಾಗಿ ತಿರುಗಿಸುತ್ತಾ ಹೋದರೆ ಒಂದು ಜಾಗದಲ್ಲಿ ಅದು ನಿಲ್ಲುತ್ತದೆ; ಅಲ್ಲಿಯೇ ಬಿಡಿ. ಸೌಂಡ್‌ಹೋಲ್ ಮುಚ್ಚುವ ರಬ್ಬರ್ ತಟ್ಟೆ ಅಗ್ಗದ ಮತ್ತು ನಂಬಿಕೆಗೆ ಅರ್ಹವಾದ ಪರಿಹಾರ, ಚೀಲದಲ್ಲಿ ಸದಾ ಇರಲಿ. ಮಿಕ್ಸರ್‌ನವರಿಗೆ 80 ಹರ್ಟ್ಸ್‌ನ ಕೆಳಗಿನದ್ದನ್ನು ಕತ್ತರಿಸಲು ಹೇಳಿ. ಗಿಟಾರಿನ ಅತಿ ಕೆಳಗಿನ ಸ್ವರವೇ 82 ಹರ್ಟ್ಸ್ ಆದ್ದರಿಂದ ನಿಮಗೆ ನಷ್ಟವೇನೂ ಇಲ್ಲ.

ಡಿಐ ಬಾಕ್ಸ್ ಎಂದರೇನು? ಮೈಕ್‌ಸೆಟ್‌ನವರ ಹತ್ತಿರ ಇರುವುದಿಲ್ಲವೇ?

ಗಿಟಾರಿನಿಂದ ಬರುವ ಸಂಕೇತವನ್ನು ಮಿಕ್ಸರ್‌ನ ಮೈಕ್ ಇನ್‌ಪುಟ್‌ಗೆ ಒಗ್ಗುವಂತೆ ಬದಲಿಸಿ, ಉದ್ದನೆಯ ಮೈಕ್ ಕೇಬಲ್‌ನಲ್ಲಿ ಗಲಾಟೆಯಿಲ್ಲದೆ ಕಳುಹಿಸುವ ಸಣ್ಣ ಪೆಟ್ಟಿಗೆಯೇ ಡಿಐ. ದೊಡ್ಡ ಕಾರ್ಯಕ್ರಮಗಳಲ್ಲಿ ಅವರಲ್ಲಿ ಇರುತ್ತದೆ. ಕೆಫೆ, ಶಾಲೆ, ಬೀದಿಯ ಗಣೇಶೋತ್ಸವಗಳಲ್ಲಿ ಇರುತ್ತದೆಂದು ನಂಬಿಕೊಂಡು ಹೋಗುವಂತಿಲ್ಲ. ಗಿಟಾರಿನಲ್ಲಿ ಬ್ಯಾಟರಿಯ ಪ್ರಿಆಂಪ್ ಇದ್ದರೆ ಸರಳವಾದ ಪ್ಯಾಸಿವ್ ಡಿಐ ಸಾಕು. ಬ್ಯಾಟರಿಯಿಲ್ಲದ ಪಿಯೆಜೊ ಪಿಕಪ್ ಇದ್ದರೆ ಕನಿಷ್ಠ 1 ಮೆಗಾಓಮ್ ಇನ್‌ಪುಟ್ ಇಂಪೀಡೆನ್ಸ್ (ಸಂಕೇತಕ್ಕೆ ಒಡ್ಡುವ ತಡೆ) ಇರುವ ಆ್ಯಕ್ಟಿವ್ ಡಿಐ ಬೇಕು, ಇಲ್ಲದಿದ್ದರೆ ಮಂದ್ರವೆಲ್ಲ ಸೋರಿಹೋಗಿ ದನಿ ತೆಳ್ಳಗಾಗುತ್ತದೆ. ಗಿಟಾರಿನಿಂದ ಡಿಐವರೆಗಿನ ಕೇಬಲ್ 6 ಮೀಟರ್ ಮೀರದಿರಲಿ.

ಈಗಾಗಲೇ ಇರುವ ಗಿಟಾರಿಗೇ ಪಿಕಪ್ ಹಾಕಿಸಬಹುದೇ?

ಗಿಟಾರ್ ಕೈಗೆ ಒಗ್ಗಿದ್ದು ಶ್ರುತಿಯಲ್ಲಿ ನಿಲ್ಲುತ್ತಿದ್ದರೆ ಅದೇ ಅತ್ಯಂತ ಮಿತವ್ಯಯದ ದಾರಿ. ಮರ ಕೊರೆಯುವ ಅಗತ್ಯವಿಲ್ಲದ ಸೌಂಡ್‌ಹೋಲ್ ಪಿಕಪ್‌ನಿಂದ ಶುರುಮಾಡಿ. ಪಕ್ಕದ ಹಲಗೆ ಕತ್ತರಿಸಿ ಅಗ್ಗದ ಪ್ರಿಆಂಪ್ ಕೂರಿಸುವ ಕೆಲಸಕ್ಕೆ ಅವಸರದಲ್ಲಿ ಒಪ್ಪಬೇಡಿ, ಆ ತೂತನ್ನು ಮತ್ತೆ ಮುಚ್ಚಲಾಗುವುದಿಲ್ಲ.

ನೈಲಾನ್ ತಂತಿಯ ಗಿಟಾರ್ ಆಗುವುದಿಲ್ಲವೇ?

ಆಗುತ್ತದೆ, ಮೆದುವಾದ ಭಾವಗೀತೆಗಳಿಗೆ ಬಹಳ ಚೆನ್ನಾಗಿ ಒಪ್ಪುತ್ತದೆ. ಆದರೆ ಇಂಥ ಕ್ಲಾಸಿಕಲ್ ಗಿಟಾರಿನ ನೆಕ್ ನಟ್ ಬಳಿ (ತಲೆಯ ಕಡೆಯ ತುದಿಯಲ್ಲಿ) ಸುಮಾರು 52 ಮಿಲಿಮೀಟರ್ ಅಗಲವಿರುತ್ತದೆ. ಸ್ಟೀಲ್ ತಂತಿಯ ಗಿಟಾರ್‌ಗಳ 43ಕ್ಕೆ ಒಗ್ಗಿದ ಕೈಗೆ ಅಭ್ಯಾಸ ಬೇಕು. ಮ್ಯಾಗ್ನೆಟಿಕ್ ಪಿಕಪ್‌ಗಳು ನೈಲಾನ್ ತಂತಿಯನ್ನು ಹಿಡಿಯುವುದೇ ಇಲ್ಲ, ಪಿಯೆಜೊ ಇರುವುದನ್ನೇ ಕೊಳ್ಳಬೇಕು.

ಕಾರ್ಯಕ್ರಮಕ್ಕೆ ಯಾವ ತಂತಿ ಹಾಕಬೇಕು?

ಅಗ್ಗದ ಗಿಟಾರ್‌ಗಳಿಗೆ ಕೆಲವೊಮ್ಮೆ 0.010 ಇಂಚಿನಿಂದ ಶುರುವಾಗುವ ತೆಳು ತಂತಿ ಹಾಕಿರುತ್ತಾರೆ. ಸ್ಟ್ರಮ್ ಮಾಡುವವರಿಗೆ 0.011 ಅಥವಾ 0.012ರಿಂದ ಶುರುವಾಗುವ ಫಾಸ್ಫರ್ ಬ್ರಾಂಜ್ ತಂತಿಗಳು ಪಿಕಪ್‌ನಲ್ಲಿ ಹೆಚ್ಚು ತುಂಬಿ ಕೇಳಿಸುತ್ತವೆ. ಹೊಸ ತಂತಿ ಹಿಗ್ಗಿ ಶ್ರುತಿ ಇಳಿಯುವುದರಿಂದ ಕಾರ್ಯಕ್ರಮದ ದಿನವೇ ಬದಲಿಸದೆ ಒಂದೆರಡು ದಿನ ಮೊದಲೇ ಹಾಕಿ, ಎಳೆದು, ನುಡಿಸಿ ಪಳಗಿಸಿಕೊಳ್ಳಿ. ಕೈ ಬೆವರುವವರು, ಕರಾವಳಿಯಲ್ಲಿರುವವರು ಕೋಟೆಡ್ (ಲೇಪನವಿರುವ) ತಂತಿಗೆ ಸ್ವಲ್ಪ ಹೆಚ್ಚು ಹಣ ಕೊಟ್ಟರೂ ಅದು ಬಾಳಿಕೆಯಲ್ಲಿ ಮರಳಿ ಬರುತ್ತದೆ.

ಮಳೆಗಾಲ, ಬೇಸಗೆಯಲ್ಲಿ ಗಿಟಾರ್ ಕಾಪಾಡುವುದು ಹೇಗೆ?

ಗಿಟಾರಿಗೆ ಹಿತವಾದ ಸಾಪೇಕ್ಷ ಆರ್ದ್ರತೆ ಶೇ. 45ರಿಂದ 55. ಮಂಗಳೂರು, ಉಡುಪಿಯ ಮಳೆಗಾಲದಲ್ಲಿ ಇದು ಬಹಳ ಮೇಲೇರಿ ಹಲಗೆ ಉಬ್ಬುತ್ತದೆ, ತಂತಿಗಳು ಎತ್ತರವಾಗುತ್ತವೆ. ಕಲಬುರಗಿ, ರಾಯಚೂರಿನ ಬೇಸಗೆಯಲ್ಲಿ ಬಹಳ ಕೆಳಗಿಳಿದು ಹಲಗೆ ಕುಗ್ಗುತ್ತದೆ, ಫ್ರೆಟ್‌ಗಳ ತುದಿ ಅಂಗೈಗೆ ಚುಚ್ಚುತ್ತದೆ. ಚೀಲದೊಳಗೆ ಸಿಲಿಕಾ ಜೆಲ್ ಪೊಟ್ಟಣವನ್ನೋ ತೇವ ಕೊಡುವ ಸಣ್ಣ ಡಬ್ಬಿಯನ್ನೋ ಊರಿಗೆ ತಕ್ಕಂತೆ ಇಡಿ. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನಲ್ಲಿ ಗಿಟಾರ್ ಬಿಡುವುದು ಎಲ್ಲಕ್ಕಿಂತ ಅಪಾಯ: ತಂತಿಗಳ ಒಟ್ಟು ಸೆಳೆತ 70 ಕಿಲೋಗ್ರಾಂಗೂ ಹೆಚ್ಚಿರುವಾಗ ಬಿಸಿಗೆ ಅಂಟು ಮೆದುವಾದರೆ ಬ್ರಿಡ್ಜ್ ಎದ್ದು ಬರುತ್ತದೆ.

ಬಳಸಿದ ಗಿಟಾರ್ ಕೊಳ್ಳುವುದು ಸರಿಯೇ?

ನೋಡಿ ಕೊಳ್ಳುವುದಾದರೆ ಇದು ಅತ್ಯುತ್ತಮ ಮಾರ್ಗ; ಅದೇ ಹಣಕ್ಕೆ ಒಂದು ಮೆಟ್ಟಿಲು ಮೇಲಿನ ಗಿಟಾರ್ ಸಿಗುತ್ತದೆ. ಬ್ರಿಡ್ಜಿನ ಹಿಂಬದಿಯ ಅಂಚಿನಲ್ಲಿ ಒಂದು ಕಾಗದದ ಚೂರನ್ನು ತಳ್ಳಿ ನೋಡಿ, ಒಳಗೆ ನುಸುಳಿದರೆ ಬ್ರಿಡ್ಜ್ ಏಳುತ್ತಿದೆ. ಬ್ಯಾಟರಿಯ ಡಬ್ಬಿ ತೆರೆದು ಒಳಗೆ ಹಸಿರು ಅಥವಾ ಬಿಳಿಯ ಕಿಲುಬಿದೆಯೇ ನೋಡಿ. ನೆಕ್ ಬಾಡಿಗೆ ಸೇರುವ ಜಾಗದಲ್ಲಿ ಬಿರುಕಿದ್ದರೆ ಮುಂದೆ ಮಾತನಾಡುವ ಅಗತ್ಯವಿಲ್ಲ.

ಬೀದಿಯಲ್ಲಿ, ಉದ್ಯಾನದಲ್ಲಿ ನುಡಿಸಲು ಇದೇ ಗಿಟಾರ್ ಆಗುತ್ತದೆಯೇ?

ಗಿಟಾರ್ ಅದೇ ಆಗುತ್ತದೆ. ಜೊತೆಗೆ ಗಿಟಾರಿಗೂ ಮೈಕಿಗೂ ಬೇರೆ ಬೇರೆ ಇನ್‌ಪುಟ್ ಇರುವ, ಬ್ಯಾಟರಿಯಲ್ಲಿ ನಡೆಯುವ ಆಂಪ್ ಬೇಕು. ಅದಕ್ಕಿಂತ ಮುಖ್ಯವಾದದ್ದು ಅನುಮತಿ. 2025ರ ಫೆಬ್ರವರಿಯಲ್ಲಿ ಬೆಂಗಳೂರಿನ ಚರ್ಚ್ ಸ್ಟ್ರೀಟ್‌ನಲ್ಲಿ ಹಾಡುತ್ತಿದ್ದ ಇಂಗ್ಲೆಂಡಿನ ಹೆಸರಾಂತ ಗಾಯಕ ಎಡ್ ಶೀರನ್ ಅವರನ್ನೇ ಪೊಲೀಸರು ಬಂದು ನಿಲ್ಲಿಸಿದ್ದರು. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗಿನ 6ರವರೆಗೆ ತೆರೆದ ಜಾಗದಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ, ಉಳಿದ ಹೊತ್ತಿನಲ್ಲೂ ಲಿಖಿತ ಅನುಮತಿ ಬೇಕು. ಸ್ಥಳೀಯ ಪೊಲೀಸ್ ಠಾಣೆಯಲ್ಲಿ ಮೊದಲೇ ಕೇಳಿಕೊಂಡು, ಆ ಪತ್ರವನ್ನು ಗಿಟಾರಿನ ಚೀಲದಲ್ಲಿಯೇ ಇಟ್ಟುಕೊಂಡು ಹೋಗಿ.

ಪ್ರಿಆಂಪ್‌ನ ಬ್ಯಾಟರಿಯನ್ನು ಎಷ್ಟು ದಿನಕ್ಕೊಮ್ಮೆ ಬದಲಿಸಬೇಕು?

ದಿನಗಳ ಲೆಕ್ಕ ಹಿಡಿಯುವುದಕ್ಕಿಂತ ಅಭ್ಯಾಸವನ್ನು ಸರಿಪಡಿಸಿಕೊಳ್ಳುವುದು ಮೇಲು. ಹೆಚ್ಚಿನ ಗಿಟಾರ್‌ಗಳಲ್ಲಿ ಕೇಬಲ್ ಚುಚ್ಚಿದ ಕ್ಷಣದಿಂದ ಬ್ಯಾಟರಿ ಖರ್ಚಾಗುತ್ತದೆ, ಆದ್ದರಿಂದ ನುಡಿಸಿ ಮುಗಿದ ಕೂಡಲೇ ಕೇಬಲ್ ತೆಗೆಯಿರಿ. ಬ್ಯಾಟರಿ ಇಳಿದಾಗ ದನಿ ಮೊದಲು ಒಡೆದಂತಾಗಿ ಆಮೇಲೆ ಕ್ಷೀಣಿಸುತ್ತದೆ. ನಿಮ್ಮ ಗಿಟಾರಿಗೆ ಬೇಕಾದದ್ದು 9 ವೋಲ್ಟ್‌ನ ಚೌಕದ ಬ್ಯಾಟರಿಯೋ ಎರಡು ಎಎ ಸೆಲ್‌ಗಳೋ ನೋಡಿಕೊಂಡು, ಒಂದು ಹೊಸ ಜೊತೆಯನ್ನು ಹೆಚ್ಚುವರಿ ತಂತಿಗಳೊಂದಿಗೆ ಇಟ್ಟಿರಿ. ಮುಖ್ಯವಾದ ಕಾರ್ಯಕ್ರಮಕ್ಕೆ ಮುನ್ನ ಸೌಂಡ್ ಚೆಕ್‌ಗಿಂತ ಮೊದಲೇ ಹೊಸದನ್ನು ಹಾಕಿ, ತೆಗೆದದ್ದನ್ನು ಮನೆಯ ಅಭ್ಯಾಸಕ್ಕೆ ಬಳಸಿ.